ನನ್ನ ಮೈದುನ ಎಳೆದ ಮನೆಗಾಡಿ

ನನ್ನ ಮೈದುನ ಬೂಜಮಾನ ಬಾಯಿಂದ ‘ಆಗಲ್ಲ’ ಎಂಬ ಮಾತನ್ನು ನಾನು ಮೊದಲ ಸಲ ಕೇಳಿದ್ದು ಅವನಿಗೆ ನಲವತ್ತು ದಾಟಿದ ಮೇಲೆ, ಸ್ಪೇನ್ ದೇಶದ ಒಂದು ಅಮೃತಶಿಲೆ ಕೊಯ್ಯುವ ಅಂಗಳದಲ್ಲಿ. ಅದನ್ನು ಹೇಳುವ ಮುಂಚೆ ಅವನು ಎಂಥವನು ಅಂತ ಹೇಳಬೇಕು.

ನಾನು ಮದುವೆಯಾಗಿ ಆ ಮನೆಗೆ ಬಂದಾಗ ಅವನಿಗಿನ್ನೂ ಮೀಸೆ ಮೂಡಿರಲಿಲ್ಲ. ಅಲ್ಜೀರಿಯಾದ ಪಕ್ಕದ ನಮ್ಮ ಗುಡ್ಡನಾಡಿನಲ್ಲಿ ಅವನು ಮಿದಾರಿನ ಸಂತೆಗೆ ಹೊರಟನೆಂದರೆ ಗುಡ್ಡದ ಅಷ್ಟೂ ಮನೆಯ ಹೆಂಗಸರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಒಬ್ಬಳಿಗೆ ಸಕ್ಕರೆ ಗಟ್ಟಿ, ಇನ್ನೊಬ್ಬಳಿಗೆ ಚಹಾ, ಮತ್ತೊಬ್ಬಳಿಗೆ ನೇಗಿಲ ಗುಳ. ಎಲ್ಲವನ್ನೂ ಕತ್ತೆಯ ಮೇಲೆ ಹೇರಿ, ಕತ್ತೆಗೆ ಭಾರವಾಯಿತೆಂದು ತಾನು ಇಳಿದು ನಡೆದು, ಕೊನೆಗೆ ಅರ್ಧ ತನ್ನ ತಲೆಯ ಮೇಲೂ ಹೊತ್ತುಕೊಂಡು ಬೆವರು ಸುರಿಸುತ್ತ ಏರು ಹತ್ತುತ್ತಿದ್ದ. “ಒಂದು ಕತ್ತೆ ಕಳಿಸಿದ್ದೆ, ಎರಡು ಬರ್ತಿವೆ ನೋಡ್ರೇ” ಅಂತ ಅತ್ತೆ ಅಂಗಳದಿಂದ ಕೂಗುತ್ತಿದ್ದರು.

ಆಮೇಲೆ ನಮ್ಮ ಮನೆಯವರು, ಅಂದರೆ ಅವನ ಅಣ್ಣ, ಅವನನ್ನೂ ಹಾಲೆಂಡಿಗೆ ಕರೆಸಿಕೊಂಡರು. ಉತ್ರೆಖ್ಟ್ ಊರಿನ ಬಿಸ್ಕತ್ತು ಕಾರ್ಖಾನೆಯಲ್ಲಿ ಕೆಲಸ. ಮದುವೆಯಾಯಿತು, ಇಬ್ಬರು ಹೆಣ್ಣುಮಕ್ಕಳಾದರು. ಗುಣ ಮಾತ್ರ ಬದಲಾಗಲಿಲ್ಲ. ಬೇಸಿಗೆ ರಜಕ್ಕೆ ಊರಿಗೆ ಹೊರಟವನ ಮನೆಗೆ ನಮ್ಮವರೆಲ್ಲ ಅಮಾನಾ ತಂದುಕೊಡುತ್ತಾರೆ. ಇದನ್ನು ನನ್ನ ತಾಯಿಗೆ ಮುಟ್ಟಿಸಿಬಿಡು ಎಂದು ನಂಬಿ ಕೈಯಲ್ಲಿಟ್ಟ ವಸ್ತುವೇ ಅಮಾನಾ. ಅದು ಕಳೆಯಬಾರದು, ಒಡೆಯಬಾರದು. ಬೇಡ ಅನ್ನುವುದಂತೂ ತಂದವನ ಮುಖಕ್ಕೆ ಬಾಗಿಲು ಹಾಕಿದ ಹಾಗೆ.

ಬೂಜಮಾನಿಗೆ ಇದರಲ್ಲಿ ಬೇರೆಯವರಿಗಿಂತ ಒಂದು ಕೈ ಹೆಚ್ಚೇ ಅಭಿಮಾನ. ಏಕೆಂದರೆ ಅವನ ಅಪ್ಪ, ಅಂದರೆ ನನ್ನ ಮಾವ ಮುಹಂದ್, ಹೇಸರಗತ್ತೆ ಹೊಡೆಯುತ್ತಿದ್ದವರು. ನಮ್ಮ ಕಡೆಯ ಗಂಡಸರು ಅಲ್ಜೀರಿಯಾದ ದ್ರಾಕ್ಷಿ ತೋಟಗಳಿಗೆ ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಅವರ ಗಂಟುಗಳನ್ನು ಮುಲೂಯಾ ನದಿ ದಾಟಿಸಿ ಮನೆಮನೆಗೆ ಮುಟ್ಟಿಸಿದವರು. ಒಂದು ಸೂಜಿ ಕೂಡ ಕಳೆಯಲಿಲ್ಲ ಎಂಬ ಹೆಸರು ಸುತ್ತಲಿನ ಗುಡ್ಡಗಳಲ್ಲೆಲ್ಲ ಇತ್ತು. ಬೂಜಮಾನನ್ನು ಜನ ಇವತ್ತಿಗೂ ಮುಹಂದ್‌ನ ಮಗ ಅಂತಲೇ ಕರೆಯುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವನ ಬೆನ್ನು ನೆಟ್ಟಗಾಗುತ್ತಿತ್ತು.

ಪ್ರತಿ ವರ್ಷ ನಮ್ಮನ್ನೆಲ್ಲ ಊರಿಗೆ ಕರೆದೊಯ್ಯುತ್ತಿದ್ದದ್ದು ನಮ್ಮ ಮನೆಯವರು, ತಮ್ಮ ವ್ಯಾನಿನಲ್ಲಿ. ಈ ಕತೆ ನಡೆದ ವರ್ಷದ ಚಳಿಗಾಲದಲ್ಲಿ ಅವರು ತೀರಿಕೊಂಡರು. ವ್ಯಾನು ಮಾರಿಹೋಯಿತು. ಅತ್ತೆ ಕಣ್ಣಿನ ಆಪರೇಷನ್ನಿಗೆ ಬಂದವರು ನಮ್ಮಲ್ಲೇ ಉಳಿದಿದ್ದರು, ಅವರನ್ನು ಊರಿಗೆ ಸೇರಿಸಬೇಕಿತ್ತು. ಸೊಂಟನೋವು, ಹೆಚ್ಚು ಹೊತ್ತು ಕೂರಲಾರರು. ದಾರಿಯಲ್ಲಿ ನಿಂತಲ್ಲಿ ಅಮ್ಮ ಕಾಲು ಚಾಚಿ ಮಲಗಲಿ ಎಂದು ಬೂಜಮಾ ಒಂದು ಹಳೆಯ ಕ್ಯಾರವಾನ್ ಕೊಂಡ. ಕಾರಿನ ಹಿಂದೆ ಕೊಂಡಿ ಹಾಕಿ ಎಳೆಯುವ ಮನೆಗಾಡಿ. ಬಿಳಿ ಬಣ್ಣ, ಕಂದು ಪಟ್ಟಿ, ಒಳಗೆ ಪುಟ್ಟ ಒಲೆ, ಹೂವಿನ ಪರದೆ.

ಅವನು ಆವರೆಗೆ ಏನನ್ನೂ ಎಳೆದವನಲ್ಲ. ಭಾನುವಾರ ಖಾಲಿ ಮೈದಾನಕ್ಕೆ ಒಯ್ದು ಅಭ್ಯಾಸ ಮಾಡಿದ. ಹಿಂದಕ್ಕೆ ಓಡಿಸುವುದನ್ನು ಮಾತ್ರ. ಎಡಕ್ಕೆ ತಿರುಗಿಸಿದರೆ ಗಾಡಿ ಬಲಕ್ಕೆ ಹೋಗುತ್ತಿತ್ತು, ಬಲಕ್ಕೆ ತಿರುಗಿಸಿದರೆ ಎಡಕ್ಕೆ. “ಹಿಂದಕ್ಕೆ ಹೋಗೋದು ಕಲಿತರೆ ಮುಗೀತು ಅತ್ತಿಗೆ. ಮುಂದಕ್ಕೆ ಎಳೆಯೋದೇನು, ತಾನೇ ಬರುತ್ತೆ” ಅಂದ. ನಾವೂ ಹೌದು ಅಂದುಕೊಂಡೆವು.

ಹೊರಡುವ ವಾರ ಅಮಾನಾ ಬರತೊಡಗಿತು. ಮೊದಲು ಹೊದಿಕೆಗಳು, ಬಟ್ಟೆಯ ಮೂಟೆಗಳು. ಆಮೇಲೆ ಒಂದು ಹೊಲಿಗೆ ಯಂತ್ರ. ನಮ್ಮ ಊರಿನ ಮೌಲೂದ್ ತನ್ನ ತಾಯಿಗೆಂದು ನಾಲ್ಕು ಉರಿಯ ಒಲೆ ತಂದ, ಕೆಳಗೆ ರೊಟ್ಟಿ ಸುಡುವ ಪೆಟ್ಟಿಗೆ ಸೇರಿದ್ದು. ಯಾರೋ ಬಟ್ಟೆ ಒಗೆಯುವ ಯಂತ್ರ ಇಳಿಸಿದರು, ಯಾರೋ ನೆಲದ ಟೈಲ್ಸಿನ ಪೆಟ್ಟಿಗೆಗಳು, ಯಾರೋ ಬಾವಿಗೆ ಹಾಕುವ ಡೀಸೆಲ್ ಪಂಪು. ಪಂಪನ್ನು ನಾಲ್ಕು ಜನ ಹಿಡಿದು ತಂದರು. ಎಲ್ಲರೂ ಹೇಳಿದ್ದು ಒಂದೇ ಮಾತು: “ಗಾಡಿ ದೊಡ್ಡದಿದೆಯಲ್ಲ ಬೂಜಮಾ, ಇದೊಂದು ಚಿಕ್ಕದು.” ಅವನು ಪ್ರತಿಯೊಬ್ಬರಿಗೂ ಎದೆಯ ಮೇಲೆ ಕೈಯಿಟ್ಟು, “ತಲೆ ಮೇಲೆ ಹೊತ್ತು ಒಯ್ತೀನಿ” ಅಂದ.

ಅಮಾನಾವನ್ನು ಎಲ್ಲೆಂದರಲ್ಲಿ ಇಡುವಂತಿಲ್ಲ. ಅದರ ಮೇಲೆ ಕೂರಬಾರದು, ಅದನ್ನು ದಾಟಿ ಓಡಾಡಬಾರದು, ನಮ್ಮ ಸಾಮಾನು ಅದರ ಮೇಲೆ ಹೇರಬಾರದು. ಅತ್ತೆ ಮಲಗುವುದು, ಮಕ್ಕಳು ಆಡುವುದು, ನಾವು ಅಡುಗೆ ಮಾಡುವುದು ಗಾಡಿಯ ಮುಂಭಾಗದಲ್ಲಿ, ನಡುವಿನಲ್ಲಿ. ಹಾಗಾಗಿ ಬೂಜಮಾ ಊರಿನ ಅಷ್ಟೂ ಸಾಮಾನನ್ನು ಗಾಡಿಯ ಹಿಂದಿನ ತುದಿಯಲ್ಲಿ ಒಟ್ಟಿದ. ಪಂಪು ಎಲ್ಲಕ್ಕಿಂತ ಹಿಂದೆ, ಗೋಡೆಗೆ ಆನಿಸಿ. ಮೇಲೆ ಒಂದು ಶುಭ್ರವಾದ ಹಾಸು ಹೊದಿಸಿ ಪರದೆ ಎಳೆದ. ಮಸೀದಿಯ ಒಳಗೆ ಇಟ್ಟಷ್ಟು ಮರ್ಯಾದೆ.

ಹೊರಡುವ ಬೆಳಿಗ್ಗೆ ಅವನು ಕಾರಿನ ಸುತ್ತ ತಿರುಗಿ ನೋಡಿ ಕುಣಿದಾಡಿಬಿಟ್ಟ. ನಮ್ಮವರ ಕಾರುಗಳು ಬೇಸಿಗೆಯಲ್ಲಿ ಹೇಗೆ ಹೋಗುತ್ತವೆ ಅಂದರೆ, ಮೇಲೆ ಬೆಟ್ಟದಷ್ಟು ಹೊರೆ, ಹಿಂಭಾಗ ನೆಲ ಕಚ್ಚಿರುತ್ತದೆ, ಮೂತಿ ಆಕಾಶ ನೋಡುತ್ತಿರುತ್ತದೆ. ನಮ್ಮ ಹಳೆಯ ಡೀಸೆಲ್ ಕಾರಿನ ಬೆನ್ನು ಒಂದು ಬೆರಳಷ್ಟೂ ಬಗ್ಗಿರಲಿಲ್ಲ.

“ನೋಡು ಯಾಮ್ನಾ, ನೋಡು! ಅಣ್ಣನ ವ್ಯಾನು ಹೆಂಗೆ ಕುಸೀತಿತ್ತು. ಇದು ಖಾಲಿ ಕಾರು ನಿಂತಂಗೆ ನಿಂತಿದೆ. ಭಾರವೇ ಇಲ್ಲ!”

ಅವನ ಹೆಂಡತಿ ಯಾಮ್ನಾ ಬೇಯಿಸಿದ ಮೊಟ್ಟೆಗಳನ್ನು ಬುಟ್ಟಿಗೆ ಹಾಕುತ್ತಿದ್ದಳು. “ಅಷ್ಟು ಕಬ್ಬಿಣ ಎಲ್ಲಿಗೋಯ್ತು ಹಂಗಾದ್ರೆ, ಲೂಯ್ಜಾಳ ಅಪ್ಪಾ?” ಅಂದಳು. ಬೂಜಮಾ ಆಗಲೇ ಹಿರಿಯ ಮಗಳು ಲೂಯ್ಜಾಳನ್ನು ಎತ್ತಿ ಸೀಟಿನಲ್ಲಿ ಕೂರಿಸುತ್ತಿದ್ದ.

ಫ್ರಾನ್ಸಿನಲ್ಲಿ ದೊಡ್ಡ ಲಾರಿ ಪಕ್ಕದಲ್ಲಿ ಹಾದಾಗಲೆಲ್ಲ ಗಾಡಿ ಒಮ್ಮೆ ಬಾಲ ಅಲ್ಲಾಡಿಸುತ್ತಿತ್ತು. ಸ್ಟೇರಿಂಗ್ ಕೈಯಲ್ಲಿ ಹಗುರಾಗಿದೆ ಅಂತ ಬೂಜಮಾ ಸಂತೋಷಪಟ್ಟ. ಗಾಳಿ ಇರಬೇಕು ಅಂದುಕೊಂಡೆವು. ಸ್ಪೇನಿನ ಬಯಲಿನಲ್ಲಿ ಒಂದೆರಡು ಸಲ ಜೋರಾಗಿ ಅಲ್ಲಾಡಿತು. ಅವನು ವೇಗ ತಗ್ಗಿಸಿದ, ನಿಂತಿತು. ಅತ್ತೆ ಜಪಮಣಿ ಹೊರತೆಗೆದರು.

ಅಲ್ಮೆರಿಯಾ ಬಂದರಿಗೆ ಬೆಟ್ಟ ಇಳಿಯಬೇಕು. ಅಲ್ಲಿಂದ ಹಡಗು, ಆಚೆ ದಡದಲ್ಲಿ ನಾದೋರ್, ನಮ್ಮ ನೆಲ. ಸಮುದ್ರ ಹತ್ತಿರವಾಯಿತೆಂದು ಎಲ್ಲರಿಗೂ ಖುಷಿ. ನಾನು ಕಿರಿಯವಳಿಗೆ ಮೊಟ್ಟೆ ಸುಲಿದು ಕೊಡುತ್ತಿದ್ದೆ. ಬಿಸಿಲು ಏರಿತ್ತು. ಇಳಿಜಾರಿನಲ್ಲಿ ಕಾರು ತಾನಾಗಿಯೇ ಓಡತೊಡಗಿತು, ಬೂಜಮಾನೂ ಓಡಲಿ ಅಂತ ಬಿಟ್ಟ.

ಮೊದಲು ಹಿಂದಿನಿಂದ ಯಾರೋ ಕಾರಿನ ಸೊಂಟ ಹಿಡಿದು ಎಡಕ್ಕೆ ಜಗ್ಗಿದಂತಾಯಿತು. ಆಮೇಲೆ ಬಲಕ್ಕೆ. ಮತ್ತೆ ಎಡಕ್ಕೆ, ಈ ಸಲ ಇನ್ನೂ ಜೋರಾಗಿ. ಬಾಗಿಲ ಕನ್ನಡಿಯಲ್ಲಿ ರಸ್ತೆ ಕಾಣಬೇಕಾದ ಕಡೆ ನಮ್ಮದೇ ಗಾಡಿಯ ಪಕ್ಕದ ಗೋಡೆ ಕಾಣಿಸಿತು. ಹೂವಿನ ಪರದೆ ಸಮೇತ. ನಮ್ಮ ಗಾಡಿ ನಮ್ಮನ್ನೇ ಹಿಂದೆ ಹಾಕಿ ಮುಂದೆ ಹೋಗಲು ಬರುತ್ತಿತ್ತು! ಬೂಜಮಾ ಬ್ರೇಕಿನ ಮೇಲೆ ನಿಂತುಬಿಟ್ಟ. ಅದರಿಂದ ಗಾಡಿಗೆ ಇನ್ನೂ ಹುಚ್ಚು ಹಿಡಿಯಿತು. ಅವನು ಬಲಕ್ಕೆ ತಿರುಗಿಸಿದ, ಎಡಕ್ಕೆ ತಿರುಗಿಸಿದ, ಪ್ರತಿಸಲವೂ ತಡವಾಗಿ. ಎದುರಿನ ಲಾರಿಯವನು ಹಾರ್ನು ಒತ್ತಿ ಹಿಡಿದೇ ದಾಟಿದ. ಒಂದು ಪಕ್ಕ ಕಂದಕ. ಯಾಮ್ನಾ ಕಿರುಚಲಿಲ್ಲ, ಹಿಂದಕ್ಕೆ ತಿರುಗಿ ಇಬ್ಬರು ಮಕ್ಕಳ ಮೇಲೂ ತನ್ನ ತೋಳು ಚಾಚಿದಳು, ಅಷ್ಟೆ. ಅತ್ತೆ ಕಲಿಮಾ ಹೇಳುತ್ತಿದ್ದರು. ಸಾಯುವವರು ಹೇಳುವುದು ಅದನ್ನೇ. ನನ್ನ ಕೈಯ ಮೊಟ್ಟೆ ಮುಷ್ಟಿಯಲ್ಲೇ ಪುಡಿಯಾಗಿತ್ತು.

ಬೂಜಮಾ ಹಿಮ್ಮಡಿ ಇಲ್ಲದ ಹಳದಿ ಚರ್ಮದ ಚಪ್ಪಲಿ ಹಾಕಿ ಓಡಿಸುವವನು. ಅದು ಜಾರಿ ಅವನ ಕಾಲು ಬ್ರೇಕಿನಿಂದ ತಪ್ಪಿತು. ಕೈ ಮರಗಟ್ಟಿ ಸ್ಟೇರಿಂಗ್ ಹಾಗೇ ನೆಟ್ಟಗೆ ನಿಂತಿತು. ರಸ್ತೆ ಅಲ್ಲಿ ತುಸು ಏರು. ಗಾಡಿ ಒಮ್ಮೆ ಬೀಸಿತು, ಇನ್ನೊಮ್ಮೆ ಸ್ವಲ್ಪ ಬೀಸಿತು, ಆಮೇಲೆ ಏನೂ ಆಗದವರ ಹಾಗೆ ಹಿಂದೆ ಬಂದು ಸೇರಿಕೊಂಡಿತು. ಮುಂದೆ ಅಮೃತಶಿಲೆ ಕೊಯ್ಯುವ ಒಂದು ಅಂಗಳದ ಗೇಟು ತೆರೆದಿತ್ತು. ಅವನು ಅದರೊಳಗೆ ತಿರುಗಿಸಿ ನಿಲ್ಲಿಸಿದ. ಎಂಜಿನ್ ಆರಿಸುವುದಕ್ಕೂ ಕೈ ಬರಲಿಲ್ಲ. ಯಾಮ್ನಾಳೇ ಕೈ ಚಾಚಿ ಕೀಲಿ ತಿರುಗಿಸಿದಳು.

ನಮ್ಮ ಬೆನ್ನಿಗೇ ಇನ್ನೊಂದು ಕ್ಯಾರವಾನ್ ಒಳಗೆ ಬಂತು. ಅದಕ್ಕೂ ಹಾಲೆಂಡಿನ ನಂಬರು. ಎಪ್ಪತ್ತರ ಹತ್ತಿರದ ಒಬ್ಬ ಹೆಂಗಸು, ಚಡ್ಡಿ ಹಾಕಿಕೊಂಡವಳು, ಇಳಿದು ದಾಪುಗಾಲು ಹಾಕಿ ಬಂದಳು. ಹೆಸರು ಕೊರ್ರಿ ಅಂತ. ಗಂಡನ ಕಣ್ಣು ಮಂಜಾದ ಮೇಲೆ ಗಾಡಿ ಎಳೆಯುವುದು ಅವಳೇ. ಅವನು ಒಳಗೆ ಕೂತು ಬಿಸ್ಕತ್ತು ತಿನ್ನುತ್ತಿದ್ದ. ಅವಳು ಬಂದವಳೇ ನಮ್ಮ ಕಿಟಕಿಯಲ್ಲಿ ತಲೆ ಹಾಕಿ ಎಣಿಸಿದಳು, ಆರು ಜನ. ಆಮೇಲೆ ಬೂಜಮಾನ ಮೇಲೆ ಹರಿಹಾಯ್ದಳು. ನನಗೂ ಅಷ್ಟಿಷ್ಟು ಆ ಭಾಷೆ ಬರುತ್ತದೆ.

“ಹತ್ತು ನಿಮಿಷದಿಂದ ನಿನ್ನ ಹಿಂದೆ ಬರ್ತಾ ಇದೀನಿ. ನಿನ್ನ ಗಾಡಿ ಕುಣಿಯೋದು ನೋಡಿ ನನ್ನ ಎದೆ ನಿಂತೋಯ್ತು. ಏನಪ್ಪಾ ತುಂಬಿದೀಯ ಅದರಲ್ಲಿ?”

“ಭಾರ ಏನಿಲ್ಲ ಅಮ್ಮಾ, ಕಾರಿನ ಬೆನ್ನು ನೋಡಿ, ಬಗ್ಗೇ ಇಲ್ಲ” ಅಂದ ಬೂಜಮಾ.

“ಬಗ್ಗಿಲ್ಲ ಅಂತಲೇ ನನಗೆ ಹೆದರಿಕೆ. ಚಕ್ರಕ್ಕೆ ಕಲ್ಲು ಕೊಟ್ಟು ಕೊಂಡಿ ಬಿಚ್ಚು. ಮೂತಿ ಕೈಯಲ್ಲಿ ಎತ್ತಿ ನೋಡು, ಎಷ್ಟು ಭಾರ ಇದೆ ಅಂತ.”

ಅವನು ಕಲ್ಲು ಕೊಟ್ಟ. ಬಗ್ಗಿ ಕೊಂಡಿಯ ಹಿಡಿ ಎತ್ತಿದ. ಎತ್ತಿದ್ದೇ ತಡ, ಗಾಡಿಯ ಮೂತಿ ಅವನ ಕೈಯಿಂದ ಕಿತ್ತುಕೊಂಡು ಮೇಲಕ್ಕೆ ಹಾರಿತು. ಹಿಂಭಾಗ ಧಡ್ ಅಂತ ನೆಲಕ್ಕೆ ಬಡಿಯಿತು. ಒಳಗೆ ಪಾತ್ರೆಗಳೆಲ್ಲ ಜಾರಿ ಹಿಂದಕ್ಕೆ ಸುರಿದ ಸದ್ದು. ಇಡೀ ಗಾಡಿ ನಾಯಿ ಕುಂಡೆಯೂರಿ ಕೂತ ಹಾಗೆ ಕೂತುಬಿಟ್ಟಿತ್ತು, ಮೂತಿ ಬೂಜಮಾನ ತಲೆಗಿಂತ ಮೇಲೆ. ಕಲ್ಲು ಕೊಯ್ಯುತ್ತಿದ್ದವರು ಯಂತ್ರ ನಿಲ್ಲಿಸಿ ನೋಡಿದರು. ಲೂಯ್ಜಾ ಅಳತೊಡಗಿದಳು. ದಾರಿಯಲ್ಲಿ ಅಳದ ಹುಡುಗಿ ಆಗ ಅತ್ತಳು.

ಕೊರ್ರಿ ಎರಡು ಹೆಜ್ಜೆ ಹಿಂದೆ ಸರಿದು ಎದೆ ಹಿಡಿದುಕೊಂಡಳು. “ಇಷ್ಟು ದೂರ ಆ ಕೊಂಡಿ ನಿನ್ನ ಕಾರನ್ನ ಮೇಲಕ್ಕೆ ಎತ್ತುತಾ ಇತ್ತು. ತಿಳೀತಾ? ಕಾರಿನ ಹಿಂದಿನ ಚಕ್ರಕ್ಕೆ ನೆಲದ ಮೇಲೆ ಹಿಡಿತವೇ ಇರಲಿಲ್ಲ. ಅದಕ್ಕೇ ನಿನಗೆ ಹಗುರಾಗಿ ಕಂಡಿದ್ದು. ಮೂತಿ ಯಾವಾಗಲೂ ಕಾರಿನ ಮೇಲೆ ಸ್ವಲ್ಪ ಒತ್ತಿ ಕೂರಬೇಕು. ತೀರಾ ಒತ್ತಬಾರದು. ಒಬ್ಬ ಮನುಷ್ಯನಷ್ಟು ಭಾರ, ನನ್ನ ಗಂಡನಷ್ಟು. ಬಾಗಿಲ ಹತ್ರ ತಗಡು ಹೊಡೆದಿದಾರಲ್ಲ, ಓದಿದೀಯಾ?”

“ಓದಿದೀನಿ. ಎಂಟುನೂರ ಐವತ್ತು, ಸಾವಿರದ ಐವತ್ತು ಅಂತಿದೆ. ಸಾವಿರದ ಐವತ್ತು ಕಿಲೋ ತುಂಬಬಹುದು.”

“ಯೇಸುವೇ!” ಅಂದಳು ಅವಳು. “ಗಾಡಿಯ ಮೈಯೂ ಸೇರಿ ಸಾವಿರದ ಐವತ್ತು ಕಣಪ್ಪಾ! ಖಾಲಿ ಗಾಡೀನೇ ಎಂಟುನೂರ ಐವತ್ತು. ನೀನು ತುಂಬಬಹುದಾದ್ದು ಇನ್ನೂರು. ಗ್ಯಾಸು, ನೀರು, ಹಾಸಿಗೆ, ಪಾತ್ರೆ, ನಿಮ್ಮಮ್ಮನ ದಿಂಬು, ಎಲ್ಲಾ ಅದರಲ್ಲೇ ಬಂತು.”

ಬೂಜಮಾ ಅಲ್ಲೇ ಒಂದು ಕಲ್ಲಿನ ಚಪ್ಪಡಿಯ ಮೇಲೆ ಕೂತ. ಅವನ ಮುಖ ನೋಡಲಾಗಲಿಲ್ಲ.

ಅಂಗಳದಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಇತ್ತು. ಯಜಮಾನ ಒಬ್ಬ ಮುದುಕ, ಕೈಸನ್ನೆಯಲ್ಲೇ ಬನ್ನಿ ಅಂದ. ಆಳುಗಳೆಲ್ಲ ಸೇರಿ ಮೂತಿಯನ್ನು ಜಗ್ಗಿ ಇಳಿಸಿ ಮತ್ತೆ ಕೊಂಡಿ ಹಾಕಿದರು. ಗಾಡಿಯನ್ನು ಮಾತ್ರ ತೂಗುವ ಹಲಗೆಯ ಮೇಲೆ ನಿಲ್ಲಿಸಿದರು. ಸಾವಿರದ ಆರುನೂರ ನಲವತ್ತು ಕಿಲೋ. ಮುದುಕ ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದ. ಕೊರ್ರಿ ಗಾಡಿಯ ಟೈರನ್ನು ಬೆರಳಿನಿಂದ ತಟ್ಟಿದಳು. ಅದರ ಪಕ್ಕದಲ್ಲಿ ಬಟಾಣಿ ಕಾಳಿನ ಗಾತ್ರದ ಒಂದು ಉಬ್ಬು ಎದ್ದಿತ್ತು. ಭಾರ ತಾಳದ ಟೈರು ಹಾಗೆ ಉಬ್ಬುತ್ತದಂತೆ. ಅವಳು ಬೂಜಮಾನ ಕೈ ಹಿಡಿದು ಅದರ ಮೇಲೆ ಇಟ್ಟಳು.

“ನಾವೂ ಮೊದಲ ವರ್ಷ ಹಿಂಗೇ ಮಾಡಿದ್ವಿ” ಅಂದಳು ಆಮೇಲೆ, ದನಿ ತಗ್ಗಿಸಿ. “ನನ್ನ ಗಂಡನಿಗೆ ಪರದೇಶದ ಆಲೂಗಡ್ಡೆ ಆಗಲ್ಲ. ಇಡೀ ರಜಕ್ಕೆ ಆಗೋಷ್ಟು ಮೂಟೆ ಹಿಂದೆ ತುಂಬಿಸಿದ್ದ. ಫ್ರಾನ್ಸಿನಲ್ಲಿ ಹಳ್ಳಕ್ಕೆ ಬಿದ್ವಿ. ಆಲೂಗಡ್ಡೆ ಹೋಗಲಿ, ನನ್ನ ಎರಡು ಪಕ್ಕೆಲುಬು ಹೋಯ್ತು. ಚಪ್ಪಲಿ ಜಾರಿ ಬ್ರೇಕಿಂದ ಕಾಲು ತಪ್ತು ಅಂದೆಯಲ್ಲ, ಇವತ್ತು ನಿನ್ನ ಉಳಿಸಿದ್ದು ಅದೇ. ಬಾಲ ಬೀಸಿದಾಗ ಬ್ರೇಕು ತುಳೀಬಾರದು, ಸ್ಟೇರಿಂಗ್ ಎಳೆದಾಡಬಾರದು. ಕಾಲು ತೆಗೆದು, ನೆಟ್ಟಗೆ ಹಿಡಿದು, ತಾನಾಗೇ ಸುಸ್ತಾಗಲಿ ಅಂತ ಬಿಡಬೇಕು. ಇಳಿಜಾರಿಗೆ ಮೇಲಿಂದಲೇ ಚಿಕ್ಕ ಗೇರಲ್ಲಿ, ನಿಧಾನಕ್ಕೆ. ಭಾರದ್ದೆಲ್ಲ ಚಕ್ರದ ಅಚ್ಚಿನ ಮೇಲೆ, ನೆಲಕ್ಕೆ ಹತ್ತಿಸಿ ಇಡು. ಆದರೆ ಮೊದಲು ಇಳಿಸು. ಇದನ್ನ ಹಿಂಗೇ ಎಳ್ಕೊಂಡು ಆ ಗೇಟು ದಾಟಿದರೆ ನಾನೇ ಪೊಲೀಸಿಗೆ ಹೇಳ್ತೀನಿ.”

ಅವನು ಇಳಿಸಲು ಶುರುಮಾಡಿದ. ನಮ್ಮ ಪೆಟ್ಟಿಗೆಗಳು, ನಮ್ಮ ಮಕ್ಕಳ ಸೈಕಲ್ಲು, ಅತ್ತೆಗೆ ಕೊಂಡ ಹೊಸ ಹಾಸಿಗೆ, ನಾನು ನನ್ನ ತಂಗಿಗೆಂದು ತಂದ ಪಿಂಗಾಣಿ ತಟ್ಟೆಗಳು. ನಮ್ಮದು ಅನ್ನುವುದೆಲ್ಲ ಅಂಗಳಕ್ಕೆ ಬಂತು. ಮತ್ತೆ ತೂಗಿದರು. ಏನೂ ಆಗಿರಲಿಲ್ಲ ಅಂದರೂ ಸರಿ, ಅಷ್ಟು ಕಮ್ಮಿ ಇಳಿದಿತ್ತು. ಉಳಿದದ್ದು ಪರದೆಯ ಹಿಂದಿನದು. ಅವನು ಪರದೆಯ ಮುಂದೆ ನಿಂತು ಕೈ ಕಟ್ಟಿಕೊಂಡ.

“ಇದನ್ನ ಮುಟ್ಟೋ ಹಂಗಿಲ್ಲ ಅತ್ತಿಗೆ. ಒಂದು ಕೆಲಸ ಮಾಡೋಣ. ನೀವೆಲ್ಲ ಬಸ್ಸಿಗೆ ಬಂದರಿಗೆ ಹೋಗಿ. ನಾನೊಬ್ಬನೇ ನಿಧಾನಕ್ಕೆ ಎಳ್ಕೊಂಡು ಬರ್ತೀನಿ.”

ಯಾಮ್ನಾ ಅವನ ಮುಂದೆ ಬಂದು ನಿಂತಳು. ಅವಳು ಜೋರು ಮಾತಿನವಳು, ಅವತ್ತು ಪಿಸುಗುಟ್ಟಿದಳು. “ಹೆಂಡ್ತಿ ಮಕ್ಕಳು ಇಳಿದ್ರೆ ಗಾಡಿ ಹಗುರಾಗುತ್ತಾ? ನೀನು ಕಂದಕದಲ್ಲಿ ಬಿದ್ದಿದ್ರೆ ಮೌಲೂದ್‌ನ ತಾಯಿಗೆ ಒಲೆ ಯಾರು ಕೊಡ್ತಾರೆ, ನಾನಾ? ನಿನ್ನ ಹೆಣದ ಜೊತೆ ಒಲೇನೂ ಹೊತ್ಕೊಂಡು ಹೋಗ್ಲಾ?”

“ನಮ್ಮಪ್ಪ ಒಂದು ಸೂಜಿ ಬಿಟ್ಟು ಬಂದವನಲ್ಲ!” ಅಂತ ಅವನು ಕೂಗಿದ. ಕೂಗಿದ್ದು ಅವಳ ಮೇಲಲ್ಲ, ಗಾಡಿಯ ಮೇಲೆ.

ಅತ್ತೆ ಕಾರಿನ ನೆರಳಿನಲ್ಲಿ ಕೂತಿದ್ದರು. ಆಪರೇಷನ್ ಆದ ಕಣ್ಣಿಗೆ ಕಪ್ಪು ಕನ್ನಡಕ. “ನಿಮ್ಮಪ್ಪನ ವಿಷಯ ನನಗೆ ಹೇಳ್ತೀಯಾ?” ಅಂದರು. “ಬಾ ಇಲ್ಲಿ. ನಿಮ್ಮಪ್ಪ ಹೊರಡೋ ದಿನ ಹೇಸರಗತ್ತೆ ಬೆನ್ನ ಮೇಲೆ ಅಂಗೈ ಇಟ್ಕೊಂಡು ನಿಂತಿರ್ತಿದ್ದ. ಜನ ಗಂಟು ತಂದು ಹೇರೋರು. ಅಂಗೈಗೆ ಏನು ತಿಳೀತಿತ್ತೋ ನನಗೆ ಗೊತ್ತಿಲ್ಲ, ಒಂದು ಹೊತ್ತಿಗೆ ‘ಸಾಕು’ ಅನ್ನೋನು. ಆಮೇಲೆ ಸ್ವಂತ ತಮ್ಮ ಬಂದು ಕಾಲು ಹಿಡಿದ್ರೂ ಇಲ್ಲ. ಎಷ್ಟು ಜನ ನಮ್ಮ ಬಾಗಿಲಲ್ಲಿ ಉಗುಳಿ ಹೋಗಿದಾರೆ ಗೊತ್ತಾ? ನಿನ್ನ ಸೋದರತ್ತೆ ಸಾಯೋವರೆಗೂ ನನ್ನ ಜೊತೆ ಮಾತಾಡಲಿಲ್ಲ. ಒಂದು ಕಂಚಿನ ಹಂಡೆ ಒಲ್ಲೆ ಅಂದಿದ್ದಕ್ಕೆ.”

“ಇದನ್ನ ನೀನು ಯಾವತ್ತೂ ಹೇಳಲೇ ಇಲ್ಲ ಯೆಮ್ಮಾ.”

“ನೀನು ಕೇಳಿದ್ದು ಕಳೆಯದ ಸೂಜಿ ವಿಷಯ. ಒಲ್ಲೆ ಅಂದ ಹಂಡೆ ವಿಷಯ ಯಾರು ಕೇಳ್ತಾರೆ?”

ನನಗೂ ಇದು ಹೊಸದು. ಸುಮಾರು ಮೂವತ್ತು ವರ್ಷದಿಂದ ಆ ಮನೆಯ ಸೊಸೆ ನಾನು. ಮಾವನ ಹೆಸರಿನ ಮೇಲೆ ಎಷ್ಟು ಮಂದಿ ಅಮಾನಾ ತಂದು ಇಳಿಸಿದ್ದರು ನಮ್ಮ ಮನೆಯಲ್ಲಿ. ಬೂಜಮಾ ಎದ್ದು ಹೋಗಿ ಪರದೆ ಸರಿಸಿ, ಹಾಸು ಮಡಚಿಟ್ಟು, ಆಳುಗಳನ್ನು ಕರೆದ. ಮೊದಲು ಪಂಪು ಇಳಿಯಿತು. ಆಮೇಲೆ ಟೈಲ್ಸು, ಯಂತ್ರಗಳು, ಒಲೆ. ಅಂಗಳದ ಮುದುಕ ಒಂದು ತಗಡಿನ ಕೊಟ್ಟಿಗೆ ತೋರಿಸಿ, ಬೀಗ, ಬೀಗದ ಕೈ ಎರಡನ್ನೂ ಬೂಜಮಾನಿಗೇ ಕೊಟ್ಟ.

ಅರ್ಧ ಒಳಗೆ ಸೇರಿಸಿರಬೇಕು, ಅಷ್ಟರಲ್ಲಿ ನಮ್ಮ ಪಕ್ಕದ ಗುಡ್ಡದ ಅಜ್ಜೂಜ್ ರಸ್ತೆಯಿಂದ ನಮ್ಮನ್ನು ಕಂಡು ತನ್ನ ವ್ಯಾನು ಒಳಗೆ ತಂದು ನಿಲ್ಲಿಸಿದ. ಅವನೂ ಊರಿಗೆ ಹೊರಟವನು. ಮೇಲೆ ಎರಡಾಳು ಎತ್ತರದ ಹೊರೆ, ಹಿಂದೆ ಒಂದು ಟ್ರೇಲರು. ಮುಂದಿನ ಸೀಟಿನಲ್ಲಿ ಅವನ ಬಸುರಿ ಹೆಂಡತಿ, ತೊಡೆಯ ಮೇಲೊಂದು ಮಗು.

“ಏನೋ ಇದು, ಮುಹಂದ್‌ನ ಮಗ ಅಂಗಡಿ ಇಟ್ಟಿದಾನೆ ದಾರೀಲಿ!” ಅಂತ ನಗುತ್ತ ಇಳಿದ. ವಿಷಯ ಕೇಳಿ ನಗು ನಿಲ್ಲಿಸಿದ. “ಜನರ ಅಮಾನಾನ ಇಲ್ಲಿ, ಗೊತ್ತು ಗುರಿ ಇಲ್ಲದವರ ಕೊಟ್ಟಿಗೇಲಿ ಬಿಟ್ಟೋಗ್ತೀಯಾ? ಆ ಮುದುಕಿ ಹೇಳಿದಳು ಅಂತ? ತಾ ಇಲ್ಲಿ. ಪಂಪು, ಒಲೆ ನನ್ನ ಟ್ರೇಲರಿಗೆ ಹಾಕು. ಟೈಲ್ಸು ವ್ಯಾನಿನ ಮೇಲೆ ಕಟ್ಟಣ. ನಾಳೆ ಊರಲ್ಲಿರುತ್ತೆ. ಹೆಸರು ನಿನ್ನದೇ ಹೇಳ್ತೀನಿ, ಹೋಗಲಿ.”

ಎಲ್ಲ ಮುಗಿದುಹೋಯಿತು, ದೇವರು ಕಳಿಸಿದ ಮನುಷ್ಯ ಅಂತ ನಾನು ಅಂದುಕೊಂಡೆ. ಸಾಮಾನು ಹೋಗುತ್ತದೆ, ಬೂಜಮಾನ ಮರ್ಯಾದೆ ಉಳಿಯುತ್ತದೆ. ಅಜ್ಜೂಜ್ ಆಗಲೇ ಪಂಪಿನ ಒಂದು ತುದಿ ಹಿಡಿದಿದ್ದ. ಬೂಜಮಾ ಬಂದು ಪಂಪಿನ ಮೇಲೆ ಕೈಯಿಟ್ಟ. ಅವನ ಕಣ್ಣು ಪಂಪಿನ ಮೇಲಿರಲಿಲ್ಲ, ಟ್ರೇಲರಿನ ಟೈರಿನ ಮೇಲಿತ್ತು. ಆಮೇಲೆ ಮುಂದಿನ ಸೀಟಿನ ಮೇಲೆ ಹೋಯಿತು.

“ಆಗಲ್ಲ” ಅಂದ.

“ಏನಾಗಲ್ಲ?”

“ಕೊಡಕ್ಕಾಗಲ್ಲ. ನಿನ್ನ ಗಾಡಿಗೆ ಈಗಿರೋದೇ ಹೆಚ್ಚು. ಇಲ್ಲಿ ತೂಗ್ತಾರೆ, ಒಂದು ಸಲ ಹತ್ತಿಸಿ ನೋಡು.”

“ನಾನು ತೂಗಿಸಿಕೊಳ್ಳೋಕೆ ಕುರೀನಾ? ಹದಿನೈದು ವರ್ಷದಿಂದ ಈ ದಾರೀಲಿ ಓಡಾಡ್ತಿದೀನಿ. ನಿನಗೆ ಬರಲ್ಲ ಅಂದ್ರೆ ಎಲ್ಲರಿಗೂ ಬರಲ್ಲವಾ? ಬಿಡೋ ಕೈ!”

“ಆಗಲ್ಲ ಅಜ್ಜೂಜ್. ಒಂದು ಹೊದಿಕೇನೂ ಕೊಡಲ್ಲ.”

ಪಂಪಿನ ಮೇಲಿನ ಅಂಗೈಯನ್ನು ಅವನು ತೆಗೆಯಲಿಲ್ಲ. ಯಾಮ್ನಾ ಬಾಯಿಗೆ ಸೆರಗು ಒತ್ತಿ ನಿಂತಿದ್ದಳು. ಅಜ್ಜೂಜ್ ನೆಲಕ್ಕೆ ಉಗುಳಿದ. “ಊರಲ್ಲಿ ಹೇಳ್ತೀನಿ. ತಾನೂ ಒಯ್ಯಲಿಲ್ಲ, ಒಯ್ಯೋನಿಗೂ ಕೊಡಲಿಲ್ಲ ಅಂತ ಹೇಳ್ತೀನಿ” ಅಂದು ಧೂಳೆಬ್ಬಿಸಿ ಹೋದ. ಅವನ ಟ್ರೇಲರು ಗೇಟಿನ ಹತ್ತಿರ ಒಮ್ಮೆ ಬಾಲ ಬೀಸಿತು. ನಾವೆಲ್ಲ ಉಸಿರು ಹಿಡಿದು ನೋಡಿದೆವು. ಅವನು ನೆಟ್ಟಗೇ ಊರು ತಲುಪಿದ, ದೇವರ ದಯೆ.

ಹಾಸಿಗೆ ಪಾತ್ರೆಯಷ್ಟನ್ನೇ ಅಚ್ಚಿನ ಮೇಲೆ ಇಟ್ಟುಕೊಂಡು, ಉಳಿದ ನಮ್ಮದನ್ನೂ ಕೊಟ್ಟಿಗೆಗೆ ಸೇರಿಸಿ ಹೊರಟೆವು. ಕೊರ್ರಿ ಮುಂದೆ ಮುಂದೆ ತನ್ನ ಗಾಡಿ ಓಡಿಸುತ್ತ ನಮ್ಮನ್ನು ಬಂದರಿನವರೆಗೆ ಇಳಿಸಿದಳು, ಆಮೆಯ ಹಾಗೆ. ಹಿಂದಿದ್ದವರೆಲ್ಲ ಹಾರ್ನು ಹೊಡೆದರು. ನಮ್ಮ ಕಾರಿನ ಬೆನ್ನು ಈಗ ಸ್ವಲ್ಪ ಬಗ್ಗಿತ್ತು, ಗಾಡಿ ಕೊರಳಿಗೆ ಹಗ್ಗ ಕಟ್ಟಿದ ಕರುವಿನ ಹಾಗೆ ಬಂತು. ಬೀಳ್ಕೊಡುವಾಗ ಅವಳು ತನ್ನ ಮನೆಗಾಡಿಯೊಳಗಿನಿಂದ ಮೇಲೆ ನಿಂತು ತೂಕ ನೋಡುವ ಯಂತ್ರ ತಂದು ಬೂಜಮಾನಿಗೆ ಕೊಟ್ಟಳು. “ಮೂತಿಯ ಕೆಳಗಿಟ್ಟು ನೋಡು ಪ್ರತಿ ಸಲ. ಹೆಂಗೂ ಇದರ ಮೇಲೆ ನಿಂತರೆ ನನಗೆ ಬೇಜಾರೇ” ಅಂದಳು.

ಊರಿನಲ್ಲಿ ಅಜ್ಜೂಜ್ ಮುಂಚೆಯೇ ಹೇಳಿದ್ದ. ನಾವು ಇಳಿಯುವಷ್ಟರಲ್ಲಿ ಅಂಗಳದಲ್ಲಿ ಹೆಂಗಸರು ಸೇರಿದ್ದರು. ಎಲ್ಲರಿಗಿಂತ ಮುಂದೆ ಮೌಲೂದ್‌ನ ತಾಯಿ ಮಮ್ಮಾತ್. ಸಲಾಮು ಇಲ್ಲ, ಕ್ಷೇಮ ಸಮಾಚಾರ ಇಲ್ಲ. “ನನ್ನ ಮಗ ಹೊಟ್ಟೆ ಬಟ್ಟೆ ಕಟ್ಟಿ ಕಳಿಸಿದ ಒಲೆ ಎಲ್ಲೋ?” ಬೂಜಮಾ ಒಬ್ಬೊಬ್ಬರ ಮುಂದೆಯೂ ನಿಂತು ಹೇಳಿದ, ನಿಮ್ಮದು ಇಂಥ ಕಡೆ ಇದೆ, ಬೀಗದ ಕೈ ಇಲ್ಲಿದೆ, ತಂದುಕೊಡುತ್ತೇನೆ ಅಂತ. ಯಾರೂ ನಂಬಲಿಲ್ಲ. ಮುಹಂದ್ ಗೋರಿಯಲ್ಲಿ ಮಗ್ಗುಲು ತಿರುಗಿಸುತ್ತಿರಬೇಕು ಅಂದರು ಯಾರೋ. ಅತ್ತೆ ಒಳಗಿನಿಂದ, “ಅವನು ಆರಾಮಾಗಿ ಮಲಗಿದಾನೆ, ನೀವು ಮನೆಗೆ ಹೋಗ್ರೇ” ಅಂದರು.

ಆ ರಜದಲ್ಲಿ ಬೂಜಮಾ ಅಂಜೂರದ ಮರದಡಿ ಒಂದು ಮಧ್ಯಾಹ್ನವೂ ಮಲಗಲಿಲ್ಲ. ಟೈರು ಬದಲಾಯಿಸಿದ. ಹಡಗಿನಲ್ಲಿ ಸಮುದ್ರ ದಾಟಿ ಆ ಕೊಟ್ಟಿಗೆಗೆ ಹೋಗುವುದು, ತಗಡಿನ ಮೇಲೆ ಬರೆದಷ್ಟೇ ತುಂಬುವುದು, ಅಚ್ಚಿನ ಮೇಲೆ ಇಟ್ಟು ಹಗ್ಗ ಬಿಗಿಯುವುದು, ಮೂತಿಯ ಕೆಳಗೆ ಆ ಯಂತ್ರ ಇಟ್ಟು ನೋಡುವುದು, ದಾಟಿ ಬರುವುದು, ಮತ್ತೆ ಹೋಗುವುದು. ಒಣಗಿ ಕಡ್ಡಿಯಾಗಿಬಿಟ್ಟ. ಪಂಪು ಬಂತು, ಟೈಲ್ಸು ಬಂತು, ಒಂದು ಟೈಲ್ಸೂ ಒಡೆದಿರಲಿಲ್ಲ. ತೆಗೆದುಕೊಂಡವರು, ಇಷ್ಟು ದಿನ ಮಾಡಿದೆ ಅಂತ ಮುಖ ತಿರುಗಿಸಿದರು.

ಕೊನೆಗೆ ಉಳಿದದ್ದು ಒಲೆ. ಮರಳುವ ಹಿಂದಿನ ದಿನ ಅದನ್ನು ಮಮ್ಮಾತಳ ಮನೆಗೆ ಒಯ್ದೆವು, ನಾನೂ ಜೊತೆಗಿದ್ದೆ. ಅವಳು ಒಲೆಯ ನಾಲ್ಕೂ ಉರಿ ತಿರುಗಿಸಿ ನೋಡಿದಳು, ಸೆರಗಿನಿಂದ ಒರೆಸಿದಳು, ಒಂದು ಗೀರೂ ಸಿಗಲಿಲ್ಲ. ಆಮೇಲೆ ಬಾಗಿಲ ಪಕ್ಕ ತೋರಿಸಿದಳು. ಮಗನಿಗೆ ಕಳಿಸುವ ಅಮಾನಾ ಸಿದ್ಧವಾಗಿತ್ತು. ಬಾದಾಮಿಯ ಮೂಟೆ, ಒಣ ಅಂಜೂರದ ಸರ, ಜವೆ ಹಿಟ್ಟು, ಒಂದು ದೊಡ್ಡ ಡಬ್ಬ ತುಂಬ ಆಲಿವ್ ಎಣ್ಣೆ. ಇಷ್ಟಾದ ಮೇಲೆ ಒಯ್ಯುವುದಿಲ್ಲ ಅನ್ನುವ ಧೈರ್ಯ ಇವನಿಗೆಲ್ಲಿಂದ ಬಂದೀತು ಎಂಬುದು ಅವಳ ಮುಖದಲ್ಲೇ ಇತ್ತು.

ಅವನು ಒಂದೊಂದನ್ನೇ ಎತ್ತಿ ನೋಡಿದ. ಅಂಜೂರ ತೆಗೆದುಕೊಂಡ, ಬಾದಾಮಿ ತೆಗೆದುಕೊಂಡ. ಹಿಟ್ಟನ್ನು ಕೆಳಗಿಟ್ಟ. ಎಣ್ಣೆಯ ಡಬ್ಬವನ್ನು ಎತ್ತಿ, ಸ್ವಲ್ಪ ಹೊತ್ತು ಹಿಡಿದಿದ್ದು, ಅದನ್ನೂ ಕೆಳಗಿಟ್ಟ.

“ಇದು ಆಗಲ್ಲ ಅಜ್ಜಿ. ಬೇರೆಯವರದ್ದೂ ಇದೆ.”

ಮಮ್ಮಾತ್ ಬಾಯಿ ತೆರೆದವಳು ಹಾಗೇ ನಿಂತಳು. ಕೇಳಿಸಲಿಲ್ಲವೇನೋ ಅಂತ ನನ್ನ ಕಡೆ ನೋಡಿದಳು. ನಾನು ಒಲೆಯ ಕಡೆ ನೋಡಿದೆ. “ಏನಂದೆ?” ಅಂದಳು. ಅವನು ಕೆಂಪಾಗಿ, ತಲೆ ತಗ್ಗಿಸಿ, ಅದೇ ಮಾತನ್ನು ಇನ್ನೊಮ್ಮೆ ಹೇಳಿದ.

ಅವಳು ಒಳಗೆ ಹೋದಳು. ಬೈಗುಳಕ್ಕೆ ಮಾತು ಹುಡುಕಿಕೊಂಡು ಬರುತ್ತಾಳೆ ಅಂದುಕೊಂಡೆ. ಒಂದು ಖಾಲಿ ಬಾಟಲು ಹಿಡಿದು ಬಂದಳು. ನೆಲದಲ್ಲಿ ಕೂತು ಡಬ್ಬ ಬಗ್ಗಿಸಿ ಸುರಿದಳು. ಸಿಟ್ಟಿನ ರಭಸಕ್ಕೆ ಎಣ್ಣೆ ಬಾಟಲಿನ ಹೊರಗೂ ಇಳಿಯಿತು. ಬಟ್ಟೆ ಸುತ್ತಿ ಬಿರಡೆ ಒತ್ತಿ ಅವನ ಎದೆಗೆ ಚಾಚಿದಳು. ಬೂಜಮಾ ಎರಡೂ ಕೈಯಲ್ಲಿ ತೆಗೆದುಕೊಂಡ. ಕಾರಿನಲ್ಲಿ ಅದು ನನ್ನ ಕಾಲುಗಳ ನಡುವೆ ಕೂತು ಬಂತು. ಉತ್ರೆಖ್ಟ್ ಮುಟ್ಟುವವರೆಗೂ ನನ್ನ ಪಾದಕ್ಕೆಲ್ಲ ಎಣ್ಣೆಯ ವಾಸನೆ.